ಜಡಿಮಳೆಯ ತಿಂಗಳುಗಳಲ್ಲಿ ಮನಸ್ಸು ಮಂಕಾಗದಂತೆ ನೋಡಿಕೊಳ್ಳುವುದು ಹೇಗೆ?

ಆರಿದ್ರಾ ಮಳೆ ಹಿಡಿಯಿತೆಂದರೆ ಕೊಡಗಿನ ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆ ಬಟ್ಟೆ ಒಣಗುವುದು ಒಲೆಯ ಮೇಲೆಯೇ. ಪುನರ್ವಸು, ಪುಷ್ಯ ಕಳೆದು ಆಶ್ಲೇಷ ಇಳಿಯುವವರೆಗೆ ಮನೆ, ಕೊಟ್ಟಿಗೆ, ಮತ್ತೆ ಮನೆ. ಮರ ಬಿದ್ದು ಕರೆಂಟ್ ಹೋಗುತ್ತದೆ, ಅದರ ಬೆನ್ನಿಗೇ ಟವರ್. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳಲ್ಲಿ, ಮದುವೆ, ಮುಂಜಿ ಯಾವುದೂ ಇಲ್ಲದ ಕಾರಣ ನೆಂಟರ ಮುಖವೂ ಕಾಣುವುದಿಲ್ಲ. 'ಯಾಕೋ ಏನೂ ಬೇಡ ಅನ್ನಿಸ್ತದೆ' ಎಂಬ ಮಾತು ಕೇಳಿಬರುವುದು ಇದೇ ಹೊತ್ತಿನಲ್ಲಿ. ಅದಕ್ಕೆ ಸಿಗುವ ಉತ್ತರವೂ ಸಿದ್ಧವಾಗಿರುತ್ತದೆ: 'ಮಳೆ ಬಿಡಲಿ, ಮನಸ್ಸು ಬರಲಿ, ಆಮೇಲೆ ನೋಡುವ.'

ಎಡವುವುದು ಈ ಉತ್ತರದಲ್ಲೇ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲ್ಯೂಯಿನ್‌ಸನ್ ಇದರ ಸುಳಿಯನ್ನು ವಿವರಿಸಿದರು. ಖುಷಿ ಕೊಡುವ, ಕೈಗೆ ಫಲ ಸಿಗುವ ಕೆಲಸಗಳು ಕಡಿಮೆಯಾದಾಗ ಮನಸ್ಸು ಕುಗ್ಗುತ್ತದೆ. ಕುಗ್ಗಿದ ಮನಸ್ಸಿಗೆ ಕೆಲಸ ಬೇಡವಾಗುತ್ತದೆ. ಕೆಲಸ ಬಿಟ್ಟಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಸುಳಿಯನ್ನು ಕತ್ತರಿಸಬೇಕಾದದ್ದು ಕೆಲಸದ ತುದಿಯಲ್ಲಿ, ಏಕೆಂದರೆ ಮನಸ್ಸಿಗೆ 'ಬಾ' ಎಂದರೆ ಬರುವುದಿಲ್ಲ, ಕೈಗೆ 'ಏಳು' ಎಂದರೆ ಏಳುತ್ತದೆ. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಖಿನ್ನತೆ ಇದ್ದವರಲ್ಲಿ ಕೆಲಸಕ್ಕೆ ಹಚ್ಚುವ ಈ ಒಂದು ಭಾಗವನ್ನೇ ಬೇರೆ ಮಾಡಿ ಪರೀಕ್ಷಿಸಿದಾಗ, ಪೂರ್ತಿ ಮಾತಿನ ಚಿಕಿತ್ಸೆಗೆ ಇದು ಕಡಿಮೆಯೇನೂ ಆಗಲಿಲ್ಲ. ನಮ್ಮ ಪಕ್ಕದ ಗೋವಾದಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಭೇಟಿಗಳಲ್ಲಿ ಇದೇ ವಿಧಾನ ಹೇಳಿಕೊಟ್ಟು ಫಲ ಕಂಡದ್ದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಹಾಗಾಗಿ ಮನೆಯಲ್ಲಿ ಮಾಡಿಕೊಳ್ಳಲಾಗದಷ್ಟು ದೊಡ್ಡ ವಿದ್ಯೆ ಇದಲ್ಲ. ಆದರೆ ಅಂದಾಜಿನಲ್ಲಿ ಮಾಡಿದರೆ ಕೆಲಸಕ್ಕೆ ಬರುವುದಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ನು ಬೇಕು. ಮೊಬೈಲ್ ಆ್ಯಪ್ ಬೇಡ. ಚಾರ್ಜ್ ಇಲ್ಲದ ದಿನವೇ ಇದರ ಅಗತ್ಯ ಹೆಚ್ಚು.

ಮೊದಲ ಪುಟ: ಐದು ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಒಂದು ಅಳತೆಗೋಲು ಇದೆ. 1998ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರಗಳನ್ನು ನೆನೆದು ಉತ್ತರ ಬರೆಯಬೇಕು. ಮನಸ್ಸು ಲವಲವಿಕೆಯಿಂದ ಇತ್ತೇ? ನಿರಾಳವಾಗಿತ್ತೇ? ಮೈಯಲ್ಲಿ ಚುರುಕಿತ್ತೇ? ಬೆಳಿಗ್ಗೆ ಎದ್ದಾಗ ನಿದ್ದೆ ಸಾಕಾಗಿ ಹಗುರಾಗಿತ್ತೇ? ದಿನದಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳು ಇದ್ದವೇ? ಒಂದೊಂದಕ್ಕೂ 0ರಿಂದ 5ರವರೆಗೆ ಅಂಕ: ಒಂದು ಹೊತ್ತೂ ಇಲ್ಲದಿದ್ದರೆ 0, ಎಲ್ಲ ಹೊತ್ತೂ ಇದ್ದರೆ 5. ಕೂಡಿದರೆ 25ಕ್ಕೆ ಒಂದು ಲೆಕ್ಕ ಸಿಗುತ್ತದೆ. 13ಕ್ಕಿಂತ ಕಡಿಮೆ ಬಂದರೆ ಮನಸ್ಸಿನ ಕಡೆ ಗಮನ ಕೊಡಬೇಕು ಎಂದರ್ಥ, ಕಾಯಿಲೆ ಇದೆ ಎಂದಲ್ಲ. ತಾರೀಕು ಬರೆದು ಇಡಿ. ಎರಡು ವಾರಕ್ಕೊಮ್ಮೆ ಮಾತ್ರ ಮತ್ತೆ ತುಂಬಿ. ದಿನಾ ತುಂಬುವವರು ಸಸಿ ಕಿತ್ತು ಬೇರು ನೋಡುವವರಂತೆ.

ಮೊದಲ ವಾರ: ಏನನ್ನೂ ಬದಲಿಸಬೇಡಿ, ಬರೆಯಿರಿ

ಈ ವಾರ ಹೊಸದೇನೂ ಮಾಡಬೇಕಿಲ್ಲ. ಗಂಟೆ ಗಂಟೆಗೆ ಏನು ಮಾಡಿದಿರಿ, ಆಗ ಮನಸ್ಸು ಹತ್ತಕ್ಕೆ ಎಷ್ಟಿತ್ತು ಎಂದು ಒಂದು ಸಾಲು ಬರೆಯಿರಿ. ರಾತ್ರಿ ಒಟ್ಟಿಗೆ ಕೂತು ಬರೆಯುವುದು ಬೇಡ. ಊಟ, ಕಾಫಿ, ಹಾಲು ಕರೆಯುವ ಹೊತ್ತು ಹೀಗೆ ಮೂರ್ನಾಲ್ಕು ಸಲ ನಿಂತು ಬರೆಯಿರಿ. ಮಕ್ಕಳು ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಒಬ್ಬರೇ ಇರುವ, ಅರವತ್ತು ದಾಟಿದವರೊಬ್ಬರ ಜುಲೈ ತಿಂಗಳ ಪುಟ ಹೀಗಿರಬಹುದು:

6–7: ಎದ್ದೆ, ಒಲೆ ಹಚ್ಚಿ ಕಾಫಿ. 4
7–9: ಮತ್ತೆ ಹಾಸಿಗೆ, ವಾಟ್ಸಾಪ್. 3
9–10: ಅಕ್ಕಿ ಒಟ್ಟಿ ತಟ್ಟಿದೆ, ತಿಂಡಿ. 4
10–1: ಟಿವಿ. ನಡುವೆ ಕರೆಂಟ್ ಹೋಯಿತು, ಸುಮ್ಮನೆ ಕೂತೆ. 2
1–2: ಊಟ. 4
2–4: ಮಲಗಿದೆ. 2
4–5: ಕೊಟ್ಟಿಗೆ ಸೋರುತ್ತಿತ್ತು, ಹಂಚು ಸರಿ ಮಾಡಿದೆ. 6
5–6: ಪಕ್ಕದ ತೋಟದ ರೈಟರ್ (ಲೆಕ್ಕ ಬರೆಯುವವರು) ಬಂದರು, ಮೆಣಸಿನ ರೇಟು ಮಾತಾಡಿದೆವು. 7
6–9: ಟಿವಿ. 3

ಆ ರಾತ್ರಿ ಕೇಳಿದರೆ ಇವರು 'ಇಡೀ ದಿನ ಹಾಳು' ಎಂದೇ ಹೇಳುತ್ತಾರೆ. ಬರಹ ಹಾಗೆ ಹೇಳುತ್ತಿಲ್ಲ. ನಾಲ್ಕರಿಂದ ಆರರವರೆಗೆ ದಿನ ಚೆನ್ನಾಗಿಯೇ ಇತ್ತು. ಕುಗ್ಗಿದ ಮನಸ್ಸಿನ ನೆನಪು ಒಳ್ಳೆಯ ಗಂಟೆಗಳನ್ನು ಜರಡಿಯಲ್ಲಿ ಹಿಡಿಯುವುದೇ ಇಲ್ಲ, ಅದಕ್ಕೇ ಅಲ್ಲಲ್ಲೇ ಬರೆಯಬೇಕು. ಇನ್ನೊಂದು: 6 ಮತ್ತು 7 ಬಂದ ಎರಡೂ ಕೆಲಸಗಳನ್ನು ಇವರು ಆರಿಸಿಕೊಂಡದ್ದಲ್ಲ. ಹಂಚು ಸೋರಿತು, ರೈಟರ್ ತಾನಾಗಿ ಬಂದರು. ಆರಿಸಿಕೊಂಡ ಟಿವಿಗೂ ಹಾಸಿಗೆಗೂ ಸಿಕ್ಕಿದ್ದು 2 ಮತ್ತು 3. ಒಂದು ವಾರದ ಪುಟಗಳನ್ನು ಮಗುಚಿದರೆ ನಿಮ್ಮದರಲ್ಲೂ ಇಂಥ ಒಂದು ಆಕಾರ ಕಾಣುತ್ತದೆ. ಬೇರೆ ಯಾರ ಸಲಹೆಗಿಂತ ಆ ಪಟ್ಟಿ ನಿಮಗೆ ಹೆಚ್ಚು ಉಪಯೋಗ.

ಎರಡನೇ ವಾರದಿಂದ: ಮೂರು ಬಗೆ, ಹತ್ತು ನಿಮಿಷ

ಈಗ ಮೂರು ಬಗೆಯಿಂದ ಒಂದೊಂದು ಕೆಲಸ ಆರಿಸಿ. ಬರೀ ಖುಷಿಗೆ ಮಾಡುವುದು ಒಂದು. ಮುಗಿಸಿದಾಗ 'ಆಯಿತಪ್ಪ' ಎನ್ನಿಸುವುದು ಇನ್ನೊಂದು. ಇನ್ನೊಬ್ಬರ ಜೊತೆ ಸೇರುವುದು ಮೂರನೆಯದು. ಹೆಚ್ಚಿನವರು ಮೊದಲ ಬಗೆಯನ್ನೇ ಮೂರು ಸಲ ಆರಿಸಿ ಸೋಲುತ್ತಾರೆ. ಮನಸ್ಸು ತೀರಾ ಇಳಿದಿರುವಾಗ ಖುಷಿಯ ನರವೇ ಜೋಮು ಹಿಡಿದಂತಿರುತ್ತದೆ, ಹಾಡು ಕೇಳಿದರೂ ಸಪ್ಪೆ. ಆಗ ಎರಡನೇ ಬಗೆ ಬೇಗ ಹಿಡಿಯುತ್ತದೆ, ಏಕೆಂದರೆ ಮುಗಿದ ಕೆಲಸ ಕಣ್ಣೆದುರು ಇರುತ್ತದೆ.

ನಮ್ಮ ಮಳೆಗಾಲದಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ. ಕಣಿಲೆಯನ್ನೇ, ಅಂದರೆ ಎಳೆ ಬಿದಿರನ್ನೇ, ತೆಗೆದುಕೊಳ್ಳಿ. ಮೊದಲ ದಿನ ಸಿಪ್ಪೆ ಬಿಡಿಸಿ ಸಣ್ಣಗೆ ಹೆಚ್ಚಿ ನೀರಿಗೆ ಹಾಕುವುದು, ಮಾರನೇ ದಿನ ನೀರು ಬದಲಿಸುವುದು, ಮೂರನೇ ದಿನ ಮತ್ತೆ ಬದಲಿಸಿ, ಚೆನ್ನಾಗಿ ಬೇಯಿಸಿ, ನೀರು ಬಸಿದು ಸಾರಿಗೆ ಹಾಕುವುದು. ನೀರು ಬದಲಿಸದಿದ್ದರೆ ಕಹಿಯೂ ಹೋಗುವುದಿಲ್ಲ, ಅದರೊಳಗಿನ ವಿಷದ ಅಂಶವೂ ಹೋಗುವುದಿಲ್ಲ, ಹಾಗಾಗಿ ಎರಡನೇ ದಿನ ಮನಸ್ಸಿಲ್ಲ ಎಂದು ಬಿಡುವಂತಿಲ್ಲ. ಒಂದೇ ಅಡುಗೆಗೆ ಮೂರು ದಿನ, ಮೂರು ಸಲ 'ಆಯಿತು'. ಪಣಪುಳಿ ಹಣ್ಣು ಹೆಕ್ಕಿ ಬುಟ್ಟಿಯಲ್ಲಿಟ್ಟು ರಸ ಇಳಿಸಿ ಅಡುಗೆಯ ಕಪ್ಪು ಹುಳಿ ಕಾಚಂಪುಳಿ ಕಾಯಿಸುವುದೂ ಹೀಗೆಯೇ, ದಿನ ಇನ್ನೂ ಹೆಚ್ಚು. ಇಷ್ಟವಿಲ್ಲದವರಿಗೆ ಕೊಡೆಯ ಕಡ್ಡಿ ಕಟ್ಟುವುದು, ಕತ್ತಿ ಮಸೆಯುವುದು, ಒಂದು ಡಬ್ಬಿಯ ಮೆಣಸು ಆರಿಸುವುದು, ಹಳೆಯ ಫೋಟೋಗಳ ಹಿಂದೆ ಹೆಸರು ಬರೆಯುವುದು. ಅಣಬೆಗೆ ಹೋಗುವವರು ಮನೆಯ ಹಿರಿಯರಿಗೆ ಗುರುತಿಲ್ಲದ್ದನ್ನು ಮುಟ್ಟಬೇಡಿ, ಅಷ್ಟೇ.

ಅಳತೆ ಚಿಕ್ಕದಿರಲಿ. 'ಅಟ್ಟ ಕ್ಲೀನ್ ಮಾಡುವುದು' ತಪ್ಪು. 'ಅಟ್ಟದ ಎಡ ಮೂಲೆಯ ಎರಡು ಚೀಲ ಇಳಿಸುವುದು, ಹತ್ತು ನಿಮಿಷ' ಸರಿ. ಹತ್ತು ನಿಮಿಷ ಆದ ಮೇಲೆ ಬಿಡಬಹುದು, ಮುಂದುವರಿಸಬಹುದು, ಎರಡಕ್ಕೂ ಟಿಕ್ ಹಾಕಿ. ಹೊತ್ತನ್ನು ಗಡಿಯಾರಕ್ಕಿಂತ ಇನ್ನೊಂದು ಕೆಲಸಕ್ಕೆ ಗಂಟು ಹಾಕಿ: 'ತಿಂಡಿಯ ತಟ್ಟೆ ತೊಳೆದಿಟ್ಟ ಕೂಡಲೇ ಕಣಿಲೆ ಹೆಚ್ಚುತ್ತೇನೆ.' 'ಹೀಗಾದರೆ ಹಾಗೆ ಮಾಡುತ್ತೇನೆ' ಎಂಬ ಈ ಗಂಟಿನ ಬಲವನ್ನು ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಪ್ರಯೋಗಗಳಲ್ಲಿ ತೋರಿಸುತ್ತ ಬಂದಿದ್ದಾರೆ. ನಿರ್ಧಾರವನ್ನು ಮೊದಲೇ ಮಾಡಿಟ್ಟರೆ, ಆ ಹೊತ್ತಿಗೆ ಮನಸ್ಸನ್ನು ಕೇಳುವ ಪ್ರಮೇಯವೇ ಬರುವುದಿಲ್ಲ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಸಾಲು ಸೇರಿಸಲೇಬೇಕು. ಬರೆದ ಪ್ರತಿ ಕೆಲಸದ ಕೆಳಗೆ ಮೂರು ಅಡ್ಡಿ ಬರೆದು ಪರಿಹಾರ ಬರೆಯಿರಿ: ಮಳೆ ಜೋರಾದರೆ, ಕರೆಂಟ್ ಹೋದರೆ, ಟವರ್ ಹೋದರೆ. 'ಸಂಜೆ ಗೇಟಿನವರೆಗೆ ನಡಿಗೆ' ಎಂಬುದಕ್ಕೆ 'ಮಳೆ ಜೋರಾದರೆ ಜಗಲಿಯ ಈ ತುದಿಯಿಂದ ಆ ತುದಿಗೆ ನಲವತ್ತು ಸಲ'. 'ಮಗಳಿಗೆ ವಿಡಿಯೊ ಕಾಲ್' ಎಂಬುದಕ್ಕೆ 'ಟವರ್ ಹೋದರೆ ಅವಳಿಗೆ ಒಂದು ಪುಟದ ಕಾಗದ, ಸಿಕ್ಕಿದಾಗ ಫೋಟೋ ತೆಗೆದು ಕಳಿಸುವುದು'. ಈ ಸಾಲಿಲ್ಲದ ಯೋಜನೆ ಜೂನ್ ಎರಡನೇ ವಾರಕ್ಕೆ ಮುರಿದುಬೀಳುತ್ತದೆ, ಬಿದ್ದ ಮೇಲೆ 'ನನ್ನಿಂದ ಆಗುವುದಿಲ್ಲ' ಎಂಬ ಮಾತಿಗೆ ಸಾಕ್ಷಿಯಾಗಿಯೂ ನಿಲ್ಲುತ್ತದೆ. ತಪ್ಪಿದ್ದು ಯೋಜನೆ, ನೀವಲ್ಲ.

ಇನ್ನೊಂದು ಕಡೆ ಕೆಡುವುದು: ಕೈ ಕಣಿಲೆ ಹೆಚ್ಚುತ್ತಿರುತ್ತದೆ, ತಲೆ ಹತ್ತು ವರ್ಷದ ಹಿಂದಿನ ಆಸ್ತಿ ಜಗಳದಲ್ಲಿರುತ್ತದೆ. ಹೀಗಿದ್ದರೆ ಕೆಲಸ ಮಾಡಿದರೂ ಅಂಕ ಏರುವುದಿಲ್ಲ. ಒಂದೇ ಯೋಚನೆ ಎರಡು ನಿಮಿಷ ಸುತ್ತಿದರೆ ನಿಂತು ಕೇಳಿಕೊಳ್ಳಿ: ಏನಾದರೂ ತೀರ್ಮಾನಕ್ಕೆ ಬಂದೆನೇ? ಮೊದಲು ತಿಳಿಯದ್ದು ತಿಳಿಯಿತೇ? ಮನಸ್ಸು ಒಂದಿಷ್ಟಾದರೂ ಹಗುರವಾಯಿತೇ? ಮೂರಕ್ಕೂ ಇಲ್ಲ ಎಂದಾದರೆ ಅದು ಯೋಚನೆಯಲ್ಲ, ಮೆಲುಕು. ಕತ್ತಿಯ ಸದ್ದು, ಬೆರಳಿಗೆ ತಾಗುವ ತಂಪು, ಕಣಿಲೆಯ ವಾಸನೆ ಇವುಗಳಿಗೆ ಗಮನ ತನ್ನಿ. ಮತ್ತೆ ಹೋಗುತ್ತದೆ, ಮತ್ತೆ ತನ್ನಿ.

ಬೆಳಕು, ಕಾಫಿ, ನಿದ್ದೆ

ಮಳೆಗಾಲದ ಮಂಕಿಗೆ ಹಗಲು ಚಿಕ್ಕದಾಗುವುದು ಕಾರಣ ಎಂದು ಕೆಲವರು ಬರೆಯುತ್ತಾರೆ. ಅದು ಉತ್ತರ ಯುರೋಪಿನ ಚಳಿಗಾಲದ ಮಾತು, ನಮ್ಮದಲ್ಲ. ಕೊಡಗು ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ, ಜೂನ್ ಕೊನೆಯಲ್ಲಿ ನಮ್ಮ ಹಗಲು ಸುಮಾರು ಹದಿಮೂರು ಗಂಟೆ, ವರ್ಷದಲ್ಲೇ ಉದ್ದ. ಕೊರತೆ ಇರುವುದು ನಾವು ಒಳಗೆ ಕೂರುವುದರಿಂದ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಬೆಳಕು ಸಾಮಾನ್ಯವಾಗಿ 100ರಿಂದ 300 ಲಕ್ಸ್ (ಬೆಳಕಿನ ಅಳತೆ). ಮೋಡ ಕವಿದ ದಿನವೂ ಹೊರಗೆ ಅದು ಸಾವಿರ ದಾಟುತ್ತದೆ. ದೇಹದೊಳಗಿನ ಗಡಿಯಾರ ಸರಿಯಾಗಲು ಬೇಕಾದ್ದು ಬೆಳಗಿನ ಈ ಬೆಳಕು. ಎದ್ದ ಮೇಲೆ ಒಂಬತ್ತರೊಳಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಅಂಗಳದ ಅಂಚಿನಲ್ಲಿ, ಜಗಲಿಯ ಹೊರತುದಿಯಲ್ಲಿ ಇಲ್ಲವೇ ಕಣದಲ್ಲಿ ಇರಿ. ತೋಟದೊಳಗೆ ಬೇಡ. ಸಿಲ್ವರ್ ಓಕ್, ಹಾಲುವಾಣದ ನೆರಳಿನಲ್ಲಿ ಬೆಳಕು ಬಹಳ ಇಳಿಯುತ್ತದೆ, ಜೊತೆಗೆ ಇಂಬಳದ ಕಾಟ ಬೇರೆ. ವಿದೇಶದಲ್ಲಿ ಬಳಸುವ 10,000 ಲಕ್ಸ್‌ನ ದೀಪದ ಪೆಟ್ಟಿಗೆಯನ್ನು ಆನ್‌ಲೈನಿನಲ್ಲಿ ನೋಡಿ ತರಿಸಬೇಡಿ. ಮನಸ್ಸು ಅತಿಯಾಗಿ ಏರುವ ಬೈಪೋಲಾರ್ ತೊಂದರೆ ಇದ್ದವರಿಗೆ ಅದು ಕೆಡುಕನ್ನೇ ಮಾಡಬಹುದು.

ಕಾಫಿಯ ಮಾತು ಕಾಫಿ ನಾಡಿನಲ್ಲಿ ಆಡುವುದು ಕಷ್ಟ, ಆದರೂ ಆಡಬೇಕು. ಚಳಿಗೆ ಗಂಟೆಗೊಂದು ಲೋಟ ಬೆಲ್ಲದ ಕಪ್ಪು ಕಾಫಿ ಹೊಟ್ಟೆಗೆ ಹೋಗುವ ಕಾಲ ಇದು. ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ, ಮನೆಯ ಪುಡಿ ಹೆಚ್ಚಾಗಿ ರೋಬಸ್ಟಾವೇ. ಕುಡಿದ ಕೆಫೀನ್‌ನ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಐದು ಗಂಟೆಗೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿ ಇರುತ್ತದೆ. ಮಧ್ಯಾಹ್ನ ಎರಡರ ನಂತರ ಶುಂಠಿ, ಕರಿಮೆಣಸಿನ ಕಷಾಯಕ್ಕೆ ಬದಲಾಯಿಸಿ ಒಂದು ವಾರ ನೋಡಿ. ಬೆಳಗಿನ ಲೋಟವನ್ನು ಬಿಡಬೇಡಿ, ಅದನ್ನು ಇನ್ನೂ ಚೆನ್ನಾಗಿ ಕುಡಿಯಿರಿ: ಫೋನ್ ಒಳಗಿಟ್ಟು, ಎರಡೂ ಕೈಯಲ್ಲಿ ಲೋಟ ಹಿಡಿದು, ಮೊದಲ ನಾಲ್ಕು ಗುಟುಕಿಗೆ ಬೇರೇನೂ ಮಾಡದೆ. ಸಣ್ಣ ಖುಷಿಯನ್ನು ಪೂರ್ತಿ ಸವಿಯುವುದು ಕಲಿತು ಬರುವ ವಿದ್ಯೆ, ಅದಕ್ಕೆ ಇದಕ್ಕಿಂತ ಅಗ್ಗದ ಅಭ್ಯಾಸ ಇಲ್ಲ.

ರಾತ್ರಿಯ 'ಚಳಿಗೆ ಒಂದು ಪೆಗ್' ಬೇಗ ನಿದ್ದೆ ತರುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಒಡೆಯುತ್ತದೆ. ಮೂರು ಗಂಟೆಗೆ ಎಚ್ಚರವಾಗಿ ಹೆಂಚಿನ ಮೇಲಿನ ಮಳೆ ಕೇಳುತ್ತ ಮಲಗುವವರು ಎರಡು ವಾರ ಅದನ್ನು ಬಿಟ್ಟು ವ್ಯತ್ಯಾಸ ಬರೆದಿಡಿ. (ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಬಾರದು, ನಡುಕ, ಫಿಟ್ಸ್ ಬರಬಹುದು, ವೈದ್ಯರನ್ನು ಕೇಳಿ.) ಹಗಲು ನಿದ್ದೆ ಬೇಕೆಂದರೆ ಮೂರು ಗಂಟೆಯೊಳಗೆ, ಅರ್ಧ ಗಂಟೆ ಮೀರದಂತೆ, ಅಲಾರಂ ಇಟ್ಟು. ಏಳುವ ಹೊತ್ತು ಏಳು ದಿನವೂ ಒಂದೇ ಇರಲಿ.

ಮಳೆಯ ಭಯಕ್ಕೆ ಒಂದು ಹೊತ್ತು

ಆಗಸ್ಟ್ 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಇಳಿದದ್ದನ್ನು, 2020ರಲ್ಲಿ ತಲಕಾವೇರಿಯಲ್ಲೂ ಹಾಗೆಯೇ ಆದದ್ದನ್ನು ನೋಡಿದ ಜಿಲ್ಲೆ ಇದು. ಇಲ್ಲಿ ಮಳೆಯ ಭಯವನ್ನು 'ನಿನ್ನ ಭ್ರಮೆ' ಎಂದು ತಳ್ಳಿಹಾಕುವವರಿಗೆ ವಿಷಯ ಗೊತ್ತಿಲ್ಲ. ಹಾಗಾಗಿ ಭಯವನ್ನು ಎರಡು ಪಾಲು ಮಾಡಿ. ನೆಲದಲ್ಲಿ ಹೊಸ ಬಿರುಕು, ಮರ ವಾಲುವುದು, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಬಾಗಿಲು ಕಿಟಕಿ ಬಿಗಿಯಾಗುವುದು, ಇವು ಕಂಡರೆ ಉಸಿರಾಟದ ವ್ಯಾಯಾಮ ಮಾಡುತ್ತ ಕೂರಬಾರದು. ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಿ, 112ಕ್ಕೆ ತಿಳಿಸಬೇಕು. ಕಾಗದಪತ್ರ ಪ್ಲಾಸ್ಟಿಕ್ ಕವರಿನಲ್ಲಿ, ಟಾರ್ಚ್, ಒಂದು ವಾರದ ಮಾತ್ರೆ ಒಂದೇ ಚೀಲದಲ್ಲಿ, ಮನೆಯ ಹಿಂದಿನ ಚರಂಡಿ ಬಿಡಿಸಿದ್ದು: ಇಷ್ಟು ಮೇ ತಿಂಗಳಲ್ಲೇ ಮುಗಿದರೆ ಭಯದ ಒಂದು ಪಾಲು ಕೆಲಸವಾಗಿ ಕರಗುತ್ತದೆ.

ಉಳಿದದ್ದು 'ಆದರೆ ಏನು ಗತಿ' ಎಂದು ಸುತ್ತುವ ಪಾಲು. ಅದಕ್ಕೆ 1983ರಲ್ಲಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು ಪರೀಕ್ಷಿಸಿದ ಒಂದು ಸರಳ ಉಪಾಯವಿದೆ. ದಿನಾ ಒಂದೇ ಜಾಗ, ಒಂದೇ ಹೊತ್ತು, ಅರ್ಧ ಗಂಟೆ ಚಿಂತೆಗೆಂದೇ ಇಡುವುದು. ಸಂಜೆ ಐದರಿಂದ ಐದೂವರೆ ಎಂದಿಟ್ಟುಕೊಳ್ಳಿ. ಮಲಗುವ ಹೊತ್ತಿಗೆ ಹತ್ತಿರ ಬೇಡ, ಹಾಸಿಗೆಯ ಮೇಲಂತೂ ಬೇಡ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಸಾಲು ಗೀಚಿ 'ಐದಕ್ಕೆ' ಎಂದು ಮುಂದೂಡಿ. ಐದಕ್ಕೆ ಕೂತಾಗ ಪಟ್ಟಿ ತೆಗೆದು ನಿಜಕ್ಕೂ ಚಿಂತಿಸಿ. ಅರ್ಧದಷ್ಟು ಸಾಲುಗಳು ಆ ಹೊತ್ತಿಗೆ ಸಪ್ಪೆಯಾಗಿರುವುದು ಸಾಮಾನ್ಯ. ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು. ಫ್ಯಾಮಿಲಿ ಗ್ರೂಪಿಗೆ ಬರುವ, ಯಾವ ವರ್ಷದ್ದೆಂದೇ ತಿಳಿಯದ ಗುಡ್ಡ ಜರಿಯುವ ವಿಡಿಯೊ ಮುಂದಕ್ಕೆ ಕಳಿಸುವವರಿಗೆ ಒಂದು ಮಾತು ಹೇಳಿ, ಅಥವಾ ಗ್ರೂಪನ್ನು ಮ್ಯೂಟ್ ಮಾಡಿ.

ಜನ

ತೋಟದ ಮನೆಗಳ ನಡುವೆ ದೂರ ಹೆಚ್ಚು, ಗದ್ದೆ ಕಡಿಮೆಯಾದ ಮೇಲೆ ನಾಟಿಗೆ ಮುಯ್ಯಾಳು ಸೇರುವುದೂ ಕಡಿಮೆ. ಹಿಂದೆ ಕೆಲಸವೇ ಜನರನ್ನು ಸೇರಿಸುತ್ತಿತ್ತು, ಈಗ ಸೇರುವುದನ್ನೇ ಒಂದು ಕೆಲಸವಾಗಿ ಬರೆದುಕೊಳ್ಳಬೇಕು. 'ಆಗಾಗ ಫೋನ್ ಮಾಡುತ್ತೇನೆ' ಎಂದರೆ ಮಾಡುವುದಿಲ್ಲ ಎಂದೇ ಅರ್ಥ. 'ಬುಧವಾರ ನಾಲ್ಕಕ್ಕೆ ಚಿಕ್ಕಮ್ಮನಿಗೆ' ಎಂದರೆ ಆಗುತ್ತದೆ. ಏನು ಮಾತಾಡುವುದು ಎಂದು ತೋಚದವರು ಕೈಯಲ್ಲಿ ಒಂದು ನೆಪ ಹಿಡಿದು ಹೋಗಿ: ಕಕ್ಕಡ ಹದಿನೆಂಟರ, ಅಂದರೆ ಆಗಸ್ಟ್ 3ರ ಮದ್ದುಸೊಪ್ಪಿನ ಪಾಯಸದ ಒಂದು ಡಬ್ಬಿ ಪಕ್ಕದ ಮನೆಗೆ, ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳಿಗೆ. ಬೇರೆಯವರಿಗೆ ಕೊಟ್ಟ ಖರ್ಚು ತನಗೆ ಮಾಡಿಕೊಂಡದ್ದಕ್ಕಿಂತ ಹೆಚ್ಚು ಖುಷಿ ಕೊಡುತ್ತದೆಂದು 2008ರಲ್ಲಿ ಎಲಿಜಬೆತ್ ಡನ್ ತಂಡ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡಿತು, ಮೊತ್ತ 5 ಡಾಲರ್ ಆಗಿದ್ದಾಗಲೂ.

ಲೈನ್ ಮನೆಯ ಮಾತು ಬಂತು, ಹಾಗಾಗಿ ಇದನ್ನೂ ಹೇಳಬೇಕು. ಮಳೆಗೆ ಕೆಲಸ ನಿಂತು ಕೂಲಿ ಇಲ್ಲದ ಮನೆಗೆ ಇಂಥ ನೋಟ್‌ಬುಕ್ ಕೊಟ್ಟು ಖುಷಿಯಾಗಿರಿ ಎನ್ನುವುದು ಚೆನ್ನಲ್ಲ. ಅಲ್ಲಿಯ ಚಿಂತೆಗೆ ಮೊದಲ ಮದ್ದು ಕೂಲಿ ಮತ್ತು ರೇಷನ್.

ವಾರಕ್ಕೊಮ್ಮೆ, ಭಾನುವಾರ ರಾತ್ರಿ, ವಾರದ ಒಳ್ಳೆಯ ಸಂಗತಿ ಐದು ಬರೆಯಿರಿ, ಯಾರಿಂದ, ಹೇಗೆ ಆಯಿತು ಎಂಬುದರ ಸಮೇತ. ದಿನಾ ಬೇಡ. ಸೋನ್ಯಾ ಲ್ಯೂಬೊಮಿರ್ಸ್ಕಿ ತಂಡದ ಆರು ವಾರಗಳ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಪ್ರಯೋಜನ ಕಂಡಿತು, ಮೂರು ಸಲ ಬರೆದವರಿಗೆ ಇಲ್ಲ. ಪ್ರಾರ್ಥನೆ ಬಾಯಿಪಾಠವಾದಂತೆ ಇದೂ ಆಗುತ್ತದೆ.

ಇದಕ್ಕೆ ಬಗ್ಗದಿದ್ದರೆ

ಎರಡು ವಾರಕ್ಕೂ ಹೆಚ್ಚು, ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಇದು ನೋಟ್‌ಬುಕ್ಕಿನ ಕೆಲಸವಲ್ಲ. ಮಳೆಯ ಸದ್ದಿಗೆ ಎದೆ ಹೊಡೆದುಕೊಂಡು, ಗುಡ್ಡ ಜರಿದ ಆ ದಿನವೇ ಕಣ್ಣೆದುರು ಬರುವುದು ತಿಂಗಳುಗಟ್ಟಲೆ ಮುಂದುವರಿದರೂ ಹಾಗೆಯೇ. ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಹೊರಡಲಾಗದ ದಿನ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿಯೂ, ಕನ್ನಡದಲ್ಲೂ, ದುಡ್ಡಿಲ್ಲದೆ.

ಮನೆಯಲ್ಲಿ ಯಾರಾದರೂ 'ಇದ್ದು ಏನು ಪ್ರಯೋಜನ' ಎನ್ನತೊಡಗಿದರೆ ನೇರವಾಗಿ ಕೇಳಿ: 'ಸಾಯುವ ಯೋಚನೆ ಬರುತ್ತಾ ಇದೆಯಾ?' ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೆಚ್ಚಿನವರಿಗೆ ಹೇಳಿಕೊಳ್ಳಲು ಬಾಗಿಲು ತೆರೆದಂತಾಗುತ್ತದೆ. ಅದೇ ದಿನ ತೋಟಕ್ಕೆ ಹೊಡೆಯುವ ಔಷಧಿಯ ಕೋಣೆಗೂ ಕೋವಿಯ ಕಪಾಟಿಗೂ ಬೀಗ ಹಾಕಿ, ಕೀಲಿ ಆ ಮನೆಯಲ್ಲಿ ಇರದಂತೆ ನೋಡಿಕೊಳ್ಳಿ. ಕೈಗೆ ಸಿಗದಂತೆ ಮಾಡುವುದು ಜೀವ ಉಳಿಸುತ್ತದೆ, ಏಕೆಂದರೆ ಆ ತೀವ್ರ ಗಳಿಗೆ ಹೆಚ್ಚಾಗಿ ಚಿಕ್ಕದು. ಅವರನ್ನು ಒಬ್ಬರೇ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಉಳಿದವರು ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊದ್‌ವರೆಗೆ, ಸೆಪ್ಟೆಂಬರ್ 3ರವರೆಗೆ ಬರೆಯಿರಿ. ಆ ವಾರ ಐದು ಪ್ರಶ್ನೆ ಮತ್ತೆ ತುಂಬಿ, ಜೂನ್‌ನ ಅಂಕದ ಪಕ್ಕದಲ್ಲಿ ಹಾಕಿ. ಎರಡು ಮೂರು ಅಂಕ ಅತ್ತಿತ್ತ ಆಗಿದ್ದಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. 13ರ ಕೆಳಗೇ ನಿಂತಿದ್ದರೆ ಮೇಲಿನ ಆಸ್ಪತ್ರೆಯ ದಾರಿ ಹಿಡಿಯಿರಿ. ಕೊನೆಯ ಪುಟದಲ್ಲಿ ಈ ಮಳೆಯಲ್ಲಿ 6ಕ್ಕಿಂತ ಹೆಚ್ಚು ಅಂಕ ತಂದ ಕೆಲಸಗಳನ್ನೆಲ್ಲ ಒಂದೇ ಕಡೆ ಬರೆದಿಡಿ. ಮುಂದಿನ ಮೇ ತಿಂಗಳಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಮುಗಿದು ಕೊಡೆ, ಗಮ್ ಬೂಟ್ ಹೊರಗೆ ತೆಗೆಯುವಾಗ ಆ ಪುಟವನ್ನೂ ತೆಗೆದು ಒಲೆಯ ಪಕ್ಕದ ಗೋಡೆಗೆ ಅಂಟಿಸಿ.